ತಮಟೆಯ ಗತ್ತಿನಲ್ಲಿ ಕೈಯ ಗುರುತು

ಮದ್ದೂರಮ್ಮನ ಹಬ್ಬವಿರಲಿ, ಮಳವಳ್ಳಿಯ ದಂಡಿನ ಮಾರಮ್ಮನ ಹಬ್ಬವಿರಲಿ, ತಮಟೆ ಸದ್ದಿಲ್ಲದೆ ಕಳೆ ಕಟ್ಟುವುದಿಲ್ಲ. ಮಂಡ್ಯ ಸೀಮೆಯ ಪೂಜಾ ಕುಣಿತ, ಪಟದ ಕುಣಿತಗಳಿಗೂ ಅದೇ ಆಧಾರ. ದೂರದಿಂದ ಕೇಳಿಯೇ ಇದು ಇಂಥವನ ಕೈ ಎಂದು ಪಳಗಿದ ಕಿವಿ ಹೇಳಬಲ್ಲದು.

ಆ ಗುರುತು ಮೂಲ ಗತ್ತಿನಲ್ಲಿಲ್ಲ. ಗತ್ತು ತಂಡದವರೆಲ್ಲ ಒಟ್ಟಾಗಿ ಹಿಡಿದು ನಡೆಯಬೇಕಾದದ್ದು. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಮುನ್ನ ಸಿಗುವ ಚೂರು ಜಾಗವನ್ನು ಬಾರಿಸುವವನು ಹೇಗೆ ತುಂಬುತ್ತಾನೆ ಎಂಬುದರಲ್ಲಿ ಅದು ಇದೆ. ಡ್ರಮ್ಸ್ ವಾದಕರು ಇದನ್ನು ಫಿಲ್ ಎನ್ನುತ್ತಾರೆ. ಮೃದಂಗದ ಮುಕ್ತಾಯ, ತೀರ್ಮಾನಗಳೂ ಇದಕ್ಕೆ ಹತ್ತಿರದವೇ.

ತಮಟೆಗೆ ಒಂದು ಕೈಯಲ್ಲಿ ಗಿಡ್ಡನೆಯ ದಪ್ಪ ಕೋಲು, ಇನ್ನೊಂದರಲ್ಲಿ ಉದ್ದನೆಯ ತೆಳು ಕಡ್ಡಿ. ಕೋಲಿನ ಪೆಟ್ಟಿಗೆ ತೂಕ, ಕಡ್ಡಿಯದು ಚಟಪಟ. ಯಾವ ಕೈ ಮೊದಲು ಬೀಳುತ್ತದೆ ಎಂಬುದರ ಮೇಲೆ ಇಡೀ ತುಂಬುವಿಕೆಯ ಬಣ್ಣವೇ ಬದಲಾಗುತ್ತದೆ. ಬೀಟಲ್ಸ್ ತಂಡದ ರಿಂಗೋ ಸ್ಟಾರ್ ಎಡಚರು. ಬಲಗೈಯವರಿಗೆಂದು ಜೋಡಿಸಿದ ಡ್ರಮ್ಸನ್ನು ಎಡಗೈಯಿಂದ ಆರಂಭಿಸುವುದರಿಂದಲೇ ಅವರ ಫಿಲ್‌ಗಳು ಬೇರೆಯಾಗಿ ಕೇಳಿಸುತ್ತವೆ. ಇನ್ನೊಂದು ಗುಟ್ಟು ಮೌನ. ಎಲ್ಲಿ ಬಾರಿಸಬಾರದು ಎಂದು ಬಲ್ಲವನೇ ಜಾಣ. ತಲೆಯ ಮೇಲೆ ದೇವಿಯ ಪೂಜೆ ಹೊತ್ತವನ ಹೆಜ್ಜೆ ನೋಡಿಕೊಂಡೇ ಕೈ ಓಡಬೇಕು. ಒಂದು ಪೆಟ್ಟು ಹೆಚ್ಚಾದರೂ ಕುಣಿಯುವವನು ತಡವರಿಸುತ್ತಾನೆ.

ಚರ್ಮದ್ದೂ ಪಾಲಿದೆ. ತೇವಕ್ಕೆ ಸಡಿಲಾದ ತಮಟೆಯಲ್ಲಿ ಬಿರುಸಿನ ಪೆಟ್ಟುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಹಾಗಾಗಿಯೇ ಹುಲ್ಲಿನ ಬೆಂಕಿಗೆ ಹಿಡಿದು ಬಿಗಿ ಮಾಡುವುದು. ಈಗ ಬಂದಿರುವ ಫೈಬರ್ ತಮಟೆಗೆ ಬೆಂಕಿಯ ಗೊಡವೆಯಿಲ್ಲ, ಆದರೆ ಆ ನಾದವೂ ಇಲ್ಲ.

ಇಷ್ಟೆಲ್ಲ ವಿದ್ಯೆಗೆ ಊರು ಕೊಟ್ಟ ಬೆಲೆ ಮಾತ್ರ ಬೇರೆ. ಡಂಗುರಕ್ಕೆ, ಸಾವಿಗೆ, ಜಾತ್ರೆಗೆ ತಮಟೆ ಬಡಿಯುವುದು ದಲಿತರ ಪಾಲಿನ ಬಿಟ್ಟಿ ಕೆಲಸವಾಗಿತ್ತು. ಬಾರಿಸಿದವನು ಗುಡಿಯ ಹೊರಗೇ ನಿಲ್ಲಬೇಕಿತ್ತು. 1970ರ ದಶಕದಲ್ಲಿ ದಲಿತ ಚಳವಳಿ ಎದ್ದಾಗ ಹಲವರು ಇದನ್ನು ಅವಮಾನವೆಂದು ಕೈಬಿಟ್ಟರು. ಅವರನ್ನು ತಪ್ಪೆನ್ನುವಂತಿಲ್ಲ. ಅದೇ ಚಳವಳಿಯ ಜಾಥಾಗಳಲ್ಲಿ ತಮಟೆ ಪ್ರತಿಭಟನೆಯ ದನಿಯೂ ಆಯಿತು. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು.

ನಾಗಮಂಗಲ ಸೀಮೆಯ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕ ಕಟ್ಟಿ ಹಳ್ಳಿಯ ವಾದ್ಯಗಳನ್ನು ಉಳಿಸಿದರು. ಕೈಯ ಗುರುತನ್ನು ಹಾಗೆ ಗಾಜಿನೊಳಗೆ ಇಡಲಾಗದು. ಅದಕ್ಕೆ ಲಿಪಿಯಿಲ್ಲ, ಅಪ್ಪನ ಪಕ್ಕ ನಿಂತ ಮಗ ನೋಡಿ ಕಲಿಯುವಂಥದ್ದು. ಆ ಮಗ ಬೆಂಗಳೂರಿನ ಕಾರ್ಖಾನೆಗೆ ಹೋದರೆ ಮೂಲ ಗತ್ತನ್ನು ಇನ್ನೊಬ್ಬ ಬಾರಿಸಿಯಾನು. ಅಪ್ಪ ತುಂಬುತ್ತಿದ್ದ ಆ ಚೂರು ಜಾಗ ಮಾತ್ರ ಖಾಲಿ.