ಈಶ್ವರ ಸಂವತ್ಸರದ ಬರ

ನಮ್ಮ ಪಂಚಾಂಗದ ಅರವತ್ತು ಸಂವತ್ಸರಗಳಿಗೆ ಹೆಸರಿಟ್ಟ ಹಿರಿಯರು ಮುಂದಾಗುವುದನ್ನು ಬಲ್ಲವರಾಗಿರಲಿಲ್ಲ. ಬಲ್ಲವರಾಗಿದ್ದರೆ 1876ರ ಯುಗಾದಿಗೆ ಮೊದಲಾದ ವರ್ಷಕ್ಕೆ ಧಾತು ಎಂದೂ ಅದರ ಮುಂದಿನದಕ್ಕೆ ಈಶ್ವರ ಎಂದೂ ಹೆಸರು ಬೀಳಗೊಡುತ್ತಿರಲಿಲ್ಲ. ಧಾತೃ ಎಂದರೆ ಸೃಷ್ಟಿಕರ್ತ, ಈಶ್ವರನೆಂದರೆ ಒಡೆಯ. ಈ ಎರಡು ಹೆಸರುಗಳ ನೆರಳಿನಲ್ಲಿಯೇ ಮೈಸೂರು ಸೀಮೆ ಆ ಘೋರ ಕ್ಷಾಮವನ್ನು ಅನುಭವಿಸಿತು. ಅದು ಮುಗಿದ ಮೇಲೆ ಬಂದ ಸಂವತ್ಸರದ ಹೆಸರು ಬಹುಧಾನ್ಯ!

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆ ನನ್ನ ತಾಯಿಯ ತವರು. ಹೊರಗಿನಿಂದ ಬಂದವನಿಗೆ ಈಗ ಅಲ್ಲಿ ಕಾಣುವುದು ತೆಂಗಿನ ತೋಟ, ಅಟ್ಟದ ಮೇಲಿನ ಕೊಬ್ಬರಿ. ಈ ನೆಲ ಹಸಿವಿನಿಂದ ಸತ್ತವರನ್ನು ಕಂಡಿತ್ತೆಂದರೆ ಅವನು ನಂಬಲಾರ. ಆದರೆ ನನ್ನ ಅಜ್ಜಿ ಯಾವ ಹಳೆಯ ಸಂಗತಿಯನ್ನು ಹೇಳಹೊರಟರೂ ‘ಧಾತು ವರ್ಷಕ್ಕೆ ಮೊದಲು’, ‘ಧಾತು ವರ್ಷ ಆದ ಮೇಲೆ’ ಎಂದು ಕಾಲವನ್ನು ಎರಡು ಭಾಗ ಮಾಡುತ್ತಿದ್ದಳು. ಆ ವರ್ಷವನ್ನು ಅವಳು ಕಂಡವಳಲ್ಲ. ಕಂಡವಳು ಅವಳ ಅಜ್ಜಿ. ಆಗ ಏಳು ವರ್ಷದ ಹುಡುಗಿ.

1876ರಲ್ಲಿ ಮಳೆ ಕೈಕೊಟ್ಟಿತು. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಬೆಂಗಳೂರಿಗೆ 1864ರಲ್ಲಿಯೇ ರೈಲು ಬಂದಿತ್ತು. ಧಾನ್ಯವೂ ಅಲ್ಲಿಯವರೆಗೆ ಬಂದಿತು. ಅಲ್ಲಿಂದಾಚೆಗೆ ಎತ್ತಿನ ಗಾಡಿಯೇ ಗತಿ. ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು. ಬೆಂಗಳೂರಿನಿಂದ ತಿಪಟೂರಿನ ಮೇಲೆ ಹಾದು ರೈಲು ಹರಿಹರವನ್ನು ಮುಟ್ಟಿದ್ದು 1889ರಲ್ಲಿ, ಸಾಯುವವರು ಸತ್ತು ಹನ್ನೆರಡು ವರ್ಷಗಳಾದ ಮೇಲೆ. ಧಾನ್ಯದ ಬೆಲೆಗೆ ಕೈಹಾಕಕೂಡದೆಂಬುದು ವೈಸರಾಯ್ ಲಿಟ್ಟನ್ನನ ಸರ್ಕಾರದ ಹಟ. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ವೈಭವದಿಂದ ನಡೆಯಿತು. ಅದರ ಬೆನ್ನಿಗೇ ಮದರಾಸು ಪ್ರಾಂತದ ಕ್ಷಾಮ ಕಾಮಗಾರಿಗಳಲ್ಲಿ ಸರ್ ರಿಚರ್ಡ್ ಟೆಂಪಲ್ ಆಳಿನ ಧಾನ್ಯವನ್ನು ದಿನಕ್ಕೆ ಒಂದು ಪೌಂಡಿಗೆ, ಎಂದರೆ ಸುಮಾರು 450 ಗ್ರಾಮಿಗೆ, ಇಳಿಸಿದ. 1871ರ ಜನಗಣತಿಯಲ್ಲಿ ಮೈಸೂರಿನ ಜನ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ.

ಚರಿತ್ರೆಯನ್ನು ಹೀಗೆ ಓದಿದರೆ ದೇವರಿಗೆ ಜಾಮೀನು ಸಿಕ್ಕಂತಾಗುತ್ತದೆ. ಮಳೆ ತಪ್ಪಿದ್ದಷ್ಟೇ ಅವನ ಪಾಲು. ಬೆಲೆ, ಗಾಡಿ, ಕೂಲಿ ಇವೆಲ್ಲ ಮನುಷ್ಯರ ಲೆಕ್ಕ. ಆದರೆ ಜಾಮೀನಿನೊಡನೆ ಅವನ ಕೆಲಸವೂ ಹೋಯಿತೆಂಬುದನ್ನು ನಾವು ಗಮನಿಸುವುದಿಲ್ಲ. ಲಿಟ್ಟನ್ನನ ಹಟವನ್ನು ತಡೆಯಲಾರದವನನ್ನು ಮಗುವಿನ ಜ್ವರ ಇಳಿಸೆಂದು ಬೇಡುವುದು ಹೇಗೆ?

ಪ್ರಶ್ನೆ ಹೊಸದಲ್ಲ. 1755ರ ಭೂಕಂಪದಲ್ಲಿ ಲಿಸ್ಬನ್ ನಗರ ಹಾಳಾದಾಗ ವಾಲ್ಟೇರ್ ಇದನ್ನೇ ಕೇಳಿದ. ನಮ್ಮಲ್ಲಿ ಇದಕ್ಕೆ ಶಾಸ್ತ್ರೀಯವಾದ ಹೆಸರುಗಳೇ ಇವೆ: ವೈಷಮ್ಯ, ನೈರ್ಘೃಣ್ಯ, ಎಂದರೆ ಪಕ್ಷಪಾತ, ನಿರ್ದಯತೆ. ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯ ಈಶ್ವರನ ಮೇಲಿನ ಈ ಎರಡು ಆರೋಪಗಳನ್ನು ತಾನೇ ಎತ್ತಿಕೊಂಡು, ಅವನು ಅವರವರ ಕರ್ಮವನ್ನು ನೋಡಿ ಫಲ ಕೊಡುವನೆಂದು ಪರಿಹಾರ ಹೇಳುತ್ತದೆ. ಅಲ್ಲಿ ಶಂಕರರು ಕೊಡುವ ಉಪಮಾನ ಮಳೆಯದು. ಮಳೆ ಎಲ್ಲ ಬೀಜಕ್ಕೂ ಒಂದೇ; ಬತ್ತ ಬತ್ತವಾಗುವುದೂ ಜವೆ ಜವೆಯಾಗುವುದೂ ಬೀಜದ ಗುಣದಿಂದ. ಉಪಮಾನ ಸೊಗಸಾದುದು, ಸಂದೇಹವಿಲ್ಲ. ಆದರೆ ತರಗತಿಯಲ್ಲಿ ಕರ್ಮದ ಮಾತು ಬಂದು ಇದನ್ನು ವಿವರಿಸಬೇಕಾದಾಗಲೆಲ್ಲ ನನ್ನ ನಾಲಗೆ ತಡವರಿಸುತ್ತದೆ. ಮಳೆಯೇ ಬಾರದ ವರ್ಷಕ್ಕೆ ಈ ಉಪಮಾನ ಏನು ಹೇಳುತ್ತದೆ? ಒಂದು ಸೀಮೆಯ ಅಷ್ಟು ಕೂಸುಗಳೂ ಒಂದೇ ಕರ್ಮವನ್ನು ಹೊತ್ತು ಒಟ್ಟಿಗೆ ಹುಟ್ಟಿದ್ದವೇ?

ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರು ಜಗತ್ತಿಗೆ ಕರ್ತೃವೊಬ್ಬನಿದ್ದಾನೆಂಬ ಮಾತನ್ನೇ ತಮ್ಮ ಸಂಸ್ಕೃತ ಮಹಾಪುರಾಣದಲ್ಲಿ ಖಂಡಿಸಿದ್ದರು. ಪಂಪನ ಆದಿಪುರಾಣಕ್ಕೆ ಮೂಲವಾದ ಗ್ರಂಥವದು. ಆದರೆ ಅವರೂ ಕರ್ಮವನ್ನು ಬಿಟ್ಟುಕೊಟ್ಟವರಲ್ಲ. ಹಸಿದ ಕೂಸಿನ ಮಟ್ಟಿಗೆ ವ್ಯತ್ಯಾಸ ಬಹಳವಾಗಲಿಲ್ಲ.

ಇನ್ನು ನಮ್ಮ ದಾಸರೂ ಶರಣರೂ ದೇವರನ್ನು ಬೈದಿಲ್ಲವೇ ಎಂದು ಕೇಳಬಹುದು. ಬೈದಿದ್ದಾರೆ, ಧಾರಾಳವಾಗಿ. ಹಳ್ಳಿಯವರೂ ಸುಮ್ಮನಿದ್ದವರಲ್ಲ. ಮಳೆ ಹೋದರೆ ಗರ್ಭಗುಡಿಗೆ ನೀರು ತುಂಬಿ ಲಿಂಗವನ್ನು ಮುಳುಗಿಸಿ, ಉಸಿರುಕಟ್ಟಲಿ ಎನ್ನುವವರುಂಟು. ಆದರೆ ನಿಂದಾಸ್ತುತಿಯನ್ನು ಅವಿಶ್ವಾಸವೆಂದು ಎಣಿಸಬಾರದು. ಎದುರಿಗೆ ಇದ್ದಾನೆಂಬ ಭರವಸೆಯಿದ್ದವನೇ ಜಗಳವಾಡುತ್ತಾನೆ. ನಂಬಿಕೆ ನಿಜವಾಗಿ ಹೋದಲ್ಲಿ ಸದ್ದೇ ಇರುವುದಿಲ್ಲ. ಆದುದರಿಂದಲೇ ಅದರ ಚರಿತ್ರೆ ಬರೆಯುವುದು ಕಷ್ಟ. ಕಾರಂತರಿಗೆ 1968ರಲ್ಲಿ ಮೂಕಜ್ಜಿಯ ಬಾಯಲ್ಲಿ ದೇವರುಗಳನ್ನು ಪ್ರಶ್ನಿಸಲು ಸಾಧ್ಯವಾಯಿತು. ಎ. ಎನ್. ಮೂರ್ತಿರಾಯರು ತೊಂಬತ್ತು ದಾಟಿದ ಮೇಲೆ, 1991ರಲ್ಲಿ, ‘ದೇವರು’ ಎಂಬ ಪುಸ್ತಕದಲ್ಲಿ ತಾವು ಅವನನ್ನು ನಂಬದ ಕಾರಣಗಳನ್ನು ಶಾಂತವಾಗಿ ವಿವರಿಸಿದರು. ಅವರು ಅಕ್ಷರ ಬಲ್ಲವರು. ಧಾತು ವರ್ಷದ ಕಡತಗಳಲ್ಲಿ ಗಂಜಿಯ ಲೆಕ್ಕವುಂಟು, ಕೂಲಿಯ ಲೆಕ್ಕವುಂಟು. ಎಷ್ಟು ಮನೆಗಳಲ್ಲಿ ಬೇಡುವುದು ನಿಂತಿತೆಂಬುದನ್ನು ಬರೆದುಕೊಳ್ಳಲು ಯಾವ ಅಮಲ್ದಾರನೂ ಹೋಗಲಿಲ್ಲ.

ಒಂದು ಮನೆಯದು ಮಾತ್ರ ನನಗೆ ಗೊತ್ತು. ಗಂಜಿ ಹಾಕುತ್ತಾರೆಂಬ ಸುದ್ದಿ ಹಿಡಿದು ಆ ಏಳು ವರ್ಷದ ಹುಡುಗಿ, ಅವಳ ತಾಯಿ, ಕಂಕುಳಲ್ಲಿ ಒಂದು ಗಂಡುಕೂಸು, ಮೂವರೂ ಶೆಟ್ಟಿಕೆರೆಯಿಂದ ತುಮಕೂರಿನ ಕಡೆಗೆ ನಡೆದರು. ಹೊರಡುವಾಗ ತಾಯಿ ಅರಿಸಿನದ ಬಟ್ಟೆಯಲ್ಲಿ ಒಂದು ಕಾಸು ಕಟ್ಟಿ ಕೂಸಿನ ಹೆಸರಿನಲ್ಲಿ ಮನೆದೇವರಿಗೆ ಮುಡಿಪಿಟ್ಟಳು. ಗುಬ್ಬಿಯನ್ನು ದಾಟುವ ಮೊದಲೇ ಕೂಸು ಹೋಯಿತು. ಅದನ್ನು ಎಲ್ಲಿ ಮಣ್ಣು ಮಾಡಿದರೆಂಬುದು ಹುಡುಗಿಗೆ ನೆನಪಿರಲಿಲ್ಲ. ತಾಯಿ ಅಳಲಿಲ್ಲವೆಂಬುದು ನೆನಪಿತ್ತು. ಮಳೆ ಬಂದ ಮೇಲೆ ಇಬ್ಬರು ಊರಿಗೆ ಮರಳಿದರು. ಮುಡಿಪೂ ಮರಳಿತು.

ಆಮೇಲೂ ಆ ಮನೆಯಲ್ಲಿ ದೀಪ ಹಚ್ಚಿದರು, ಹಬ್ಬ ಮಾಡಿದರು, ಜಾತ್ರೆಗೂ ಹೋದರು. ಹರಕೆ ಹೊರುವುದು ಮಾತ್ರ ನಿಂತಿತು. ಹುಡುಗಿ ಬೆಳೆದು ಮುದುಕಿಯಾದ ಮೇಲೆ ಮೊಮ್ಮಗಳು, ಎಂದರೆ ನನ್ನ ಅಜ್ಜಿ, ಕಾಯಿಲೆ ಬಿದ್ದಳಂತೆ. ನೆರೆಯವರು ದೇವರಿಗೆ ಏನಾದರೂ ಹೇಳಿಕೊಳ್ಳಿ ಎಂದಾಗ ಮುದುಕಿ, “ನಮ್ಮವ್ವ ಹೇಳ್ಕಂಡಿದ್ಲು ಕಣವ್ವ” ಎಂದಷ್ಟೇ ಹೇಳಿ ಕಷಾಯ ಕಾಯಿಸಲು ಒಳಗೆ ಹೋದಳಂತೆ.

ಆ ಮುಡಿಪನ್ನು ಹುಂಡಿಗೆ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಖರ್ಚು ಮಾಡಲೂ ಕೈ ಬರಲಿಲ್ಲ. ನನ್ನ ಸೋದರಮಾವನ ಮನೆಯ ಹಳೆಯ ಮರದ ಪೆಟ್ಟಿಗೆಯಲ್ಲಿ ಅದು ಈಗಲೂ ಇದೆ. ಅರಿಸಿನ ಮಾಸಿ ಬಟ್ಟೆ ಬೂದಿಯ ಬಣ್ಣಕ್ಕೆ ತಿರುಗಿದೆ. ಗಂಟು ಬಿಚ್ಚಿ ನೋಡಿದವರಿಲ್ಲವಾದ್ದರಿಂದ, ಒಳಗಿರುವುದು ಯಾವ ಕಾಸೆಂದು ಹೇಳುವವರೂ ಇಲ್ಲ.