ಎಳೆಯ ಮಕ್ಕಳ ದಂತಚಿಕಿತ್ಸಾಭೀತಿ ಮತ್ತು ಮನೆಯ ಬಡತನ

ಹಲ್ಲಿನ ವೈದ್ಯರ ಕುರ್ಚಿಯನ್ನೂ ಅದರ ಸುತ್ತಣ ಉಪಕರಣಗಳನ್ನೂ ಕಂಡೊಡನೆ, ಅಥವಾ ಕಾಣುವ ಮುನ್ನವೇ ಅವುಗಳ ನೆನಪುಮಾತ್ರದಿಂದ, ಮಗುವಿನ ಮನಸ್ಸಿನಲ್ಲಿ ತಲೆದೋರಿ ಚಿಕಿತ್ಸೆಗೆ ಅಡ್ಡಿಯಾಗುವಷ್ಟು ಬಲಿಯುವ ಅಂಜಿಕೆಗೆ ದಂತಚಿಕಿತ್ಸಾಭೀತಿ ಎಂದು ಹೆಸರು. ಮಕ್ಕಳಲ್ಲಿಯೂ ಹದಿಹರೆಯದವರಲ್ಲಿಯೂ ಇದರ ಪ್ರಮಾಣ ಸುಮಾರು ಶೇ. 9 ಎಂದು ಕ್ಲಿಂಗ್‌ಬರ್ಗ್ ಮತ್ತು ಬ್ರೋಬರ್ಗ್ ಎಂಬ ಸ್ವೀಡಿಷ್ ವಿದ್ವಾಂಸರು 2007ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಪರಾಮರ್ಶಿಸಿ ಅಂದಾಜು ಮಾಡಿದರು. ಭೀತಿಯನ್ನು ಅಳೆಯಲು ಹೆಚ್ಚಾಗಿ ಬಳಕೆಯಲ್ಲಿರುವುದು 1982ರಲ್ಲಿ ಕತ್‌ಬರ್ಟ್ ಮತ್ತು ಮೆಲಮೆಡ್ ರೂಪಿಸಿದ 15 ಪ್ರಶ್ನೆಗಳ ಮಾಪಕ. ಸೂಜಿ, ಕೊರೆಯುವ ಯಂತ್ರದ ಸದ್ದು, ಅಪರಿಚಿತರ ಸ್ಪರ್ಶ, ಬಾಯಿ ತೆರೆಯಬೇಕಾಗಿ ಬರುವುದು ಇತ್ಯಾದಿ ಒಂದೊಂದಕ್ಕೂ 1ರಿಂದ 5ರವರೆಗೆ ಅಂಕವಿದ್ದು, ಮೊತ್ತ 38ನ್ನು ಮುಟ್ಟಿದರೆ ಭೀತಿ ತೀವ್ರವೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ತೀರ ಎಳೆಯ ಮಕ್ಕಳ ಪರವಾಗಿ ತಾಯಿಯೋ ತಂದೆಯೋ ಉತ್ತರಿಸುವುದರಿಂದ ಹಿರಿಯರ ಅಂಜಿಕೆಯೂ ಅಂಕಗಳೊಳಗೆ ಸೇರಿಹೋಗುವುದುಂಟು; ಈ ಅಂಶವನ್ನು ಮರೆತು ಅಂಕಗಳನ್ನು ಓದಲಾಗದು.

ನಿರುದ್ಯೋಗ, ಸಾಲ, ಇಕ್ಕಟ್ಟಿನ ವಸತಿ ಮುಂತಾದ ಮನೆಯ ಸಂಕಷ್ಟಗಳಿಗೂ ಈ ಭೀತಿಗೂ ನಿಕಟ ಸಂಬಂಧವನ್ನು ಕಂಡ ಅಧ್ಯಯನಗಳಿರುವಂತೆ ಕಾಣದ ಅಧ್ಯಯನಗಳೂ ಇವೆ. ಈ ಭಿನ್ನತೆಗೆ ಕಾರಣ ಪ್ರಾಯಶಃ ಸಂಬಂಧದ ಪರೋಕ್ಷತೆಯಲ್ಲಿದೆ. ಹಲ್ಲಿನ ವೈದ್ಯರೊಡನೆ ಮಗುವಿನ ಪ್ರಥಮ ಪರಿಚಯ ಯಾವ ವಯಸ್ಸಿನಲ್ಲಿ, ಯಾವ ಸ್ಥಿತಿಯಲ್ಲಿ ಆಗತಕ್ಕದ್ದೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಮನೆಯ ಆರ್ಥಿಕ ಸ್ಥಿತಿ. ಭೀತಿ ಅನೇಕವೇಳೆ ಹುಟ್ಟುವುದು ಆ ಪರಿಚಯದಲ್ಲಿ.

ಅನುಕೂಲಸ್ಥರ ಮಗು ಹಲ್ಲು ಮೂಡಿದ ಕಾಲದಿಂದಲೂ ಆಗಾಗ್ಗೆ ವೈದ್ಯರಲ್ಲಿಗೆ ಹೋಗಿ, ಏರಿಳಿಯುವ ಕುರ್ಚಿಯಲ್ಲಿ ಕುಳಿತು, ಪುಟ್ಟ ಕನ್ನಡಿಯನ್ನು ಕೈಯಲ್ಲಿ ಹಿಡಿದು ನೋಡಿ, ನೋವೆಂಬುದನ್ನೇ ಕಾಣದೆ ಮನೆಗೆ ಮರಳುತ್ತದೆ. ಇಂತಹ ನೋವಿಲ್ಲದ ಭೇಟಿಗಳು ಮೊದಲೇ ಆಗಿದ್ದಲ್ಲಿ ಮುಂದೆ ಒಂದು ದಿನ ಉಂಟಾಗುವ ನೋವು ಭೀತಿಯಾಗಿ ಬೇರೂರುವ ಸಂಭವ ಕಡಿಮೆಯೆಂದು ಬ್ರಿಟನ್ನಿನ ಮನೋವಿಜ್ಞಾನಿ ಗ್ರಹಾಂ ಡೇವಿ 1989ರಲ್ಲಿ ಪ್ರತಿಪಾದಿಸಿದನು. ಒಂದು ದಿನದ ಕೂಲಿ ತಪ್ಪಿದರೆ ಮನೆಯ ಲೆಕ್ಕವೇ ತಪ್ಪುವ ಕುಟುಂಬದಲ್ಲಿಯಾದರೋ ನೋಯದ ಹಲ್ಲನ್ನು ತೋರಿಸಲೆಂದು ಯಾರೂ ಹೊರಡಲಾರರು. ಹಾಲುಹಲ್ಲಿನ ಹೊರಕವಚ ತೆಳುವಾಗಿಯೂ ಒಳಗಣ ತಿರುಳು ಹಲ್ಲಿನ ಗಾತ್ರಕ್ಕೆ ದೊಡ್ಡದಾಗಿಯೂ ಇರುವುದರಿಂದ ಹುಳುಕು ಶೀಘ್ರವಾಗಿ ನರವನ್ನು ಮುಟ್ಟುತ್ತದೆ. ಕೆನ್ನೆ ಊದಿ, ರಾತ್ರಿಯೆಲ್ಲ ನಿದ್ರೆಗೆಟ್ಟ ಮಗುವನ್ನು ಎತ್ತಿಕೊಂಡು ಬಂದ ದಿನವೇ ಅದರ ಮೊದಲ ಭೇಟಿಯಾಗುತ್ತದೆ. ಉರಿಯೂತವಾದ ಅಂಗಾಂಶದಲ್ಲಿ ಆಮ್ಲತೆ ಹೆಚ್ಚಿ, ಜೋಮು ಹಿಡಿಸುವ ಚುಚ್ಚುಮದ್ದು ನರದೊಳಕ್ಕೆ ಸುಲಭವಾಗಿ ಹೋಗದು. ತತ್ಕಾರಣ ತಡವಾಗಿ ಬಂದ ಮಗು ಅನುಭವಿಸುವ ನೋವು ವಾಸ್ತವವಾಗಿಯೇ ಅಧಿಕವಾಗಿರಬಹುದು. ಇಂತಹ ಮಗುವನ್ನು ಹಟಮಾರಿಯೆಂದು ಗದರಿಸುವುದು ಅನ್ಯಾಯ.

ಭೀತಿಯು ಸ್ವಾನುಭವದಿಂದಲ್ಲದೆ ಅನ್ಯರನ್ನು ನೋಡುವುದರಿಂದಲೂ ಕೇಳಿದ ಮಾತಿನಿಂದಲೂ ಬರಬಹುದೆಂದು ಮನೋವಿಜ್ಞಾನಿ ರ‍್ಯಾಕ್‌ಮನ್ 1977ರಲ್ಲಿ ನಿರೂಪಿಸಿದನು. ತನ್ನ ಬಾಲ್ಯದಲ್ಲಿ ಹಲ್ಲು ಕೀಳಿಸಿಕೊಂಡುದಷ್ಟೇ ದಂತಚಿಕಿತ್ಸೆಯ ನೆನಪಾಗಿ ಉಳಿದಿರುವ ತಾಯಿ, ನಿರೀಕ್ಷಣಾಲಯದ ಬೆಂಚಿನ ಮೇಲೆ ಮಗುವಿನ ಕೈಯನ್ನು ಬಿಗಿಹಿಡಿದು ಕುಳಿತಿರುವಾಗಲೇ, ಮಾತಿಲ್ಲದೆ ಆ ಅಂಜಿಕೆ ಮಗುವಿಗೆ ದಾಟುತ್ತದೆ. “ಹಟ ಮಾಡಿದರೆ ಡಾಕ್ಟರ ಹತ್ತಿರ ಸೂಜಿ ಚುಚ್ಚಿಸುತ್ತೇನೆ” ಎಂದು ನಮ್ಮ ಮನೆಗಳಲ್ಲಿಯೂ ಕೇಳಿಬರುವ ಬೆದರಿಕೆ ಮೂರನೆಯ ಮಾರ್ಗಕ್ಕೆ ಸೇರಿದ್ದು. ಇದು ಬಡವರ ಮನೆಗೆ ಮಾತ್ರ ಮೀಸಲಲ್ಲ.

ಸಂಪನ್ನ ದೇಶವೂ ಬಡ ಮಕ್ಕಳ ಹಲ್ಲುಹುಳುಕಿನ ಕಷ್ಟದಿಂದ ಮುಕ್ತವಾಗಿಲ್ಲವೆಂಬುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿ ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಮಕ್ಕಳ ದಂತಚಿಕಿತ್ಸೆ ಉಚಿತವೇ ಆಗಿದ್ದರೂ, ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡುಗಳಲ್ಲಿ ನಡೆದ 2013ರ ಸಮೀಕ್ಷೆಯಲ್ಲಿ, ಶಾಲೆಯ ಉಚಿತ ಊಟಕ್ಕೆ ಅರ್ಹರಾದ 5 ವರ್ಷದ ಮಕ್ಕಳ ಪೈಕಿ ಶೇ. 21ರಷ್ಟು ಮಂದಿಯಲ್ಲಿ ತೀವ್ರ ಅಥವಾ ವ್ಯಾಪಕವಾದ ಹುಳುಕು ಕಂಡುಬಂದಿತು. ಇತರರಲ್ಲಿ ಅದು ಶೇ. 11. ಇಂಗ್ಲೆಂಡಿನಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆಗೆ ದಾಖಲಾಗುವುದಕ್ಕೆ ಹುಳುಕು ಹಲ್ಲೇ ಅತಿ ಸಾಮಾನ್ಯ ಕಾರಣ. ಪೂರ್ಣ ಅರಿವಳಿಕೆಯಲ್ಲಿ ಹಲ್ಲು ಕಿತ್ತರೆ ನೋವು ತೀರುತ್ತದೆಯೇ ಹೊರತು, ಎಚ್ಚರವಾಗಿದ್ದು ಚಿಕಿತ್ಸೆ ಪಡೆಯುವ ಅಭ್ಯಾಸ ಮಗುವಿಗೆ ಅದರಿಂದ ಬರುವುದಿಲ್ಲ.

ಪರಿಹಾರಗಳಲ್ಲಿ ಹಳೆಯದು, ಉಪಕರಣವನ್ನು ಮೊದಲು ಹೆಸರಿಸಿ, ಬಳಿಕ ತೋರಿಸಿ, ಕೊನೆಗೆ ಬಳಸುವ ಕ್ರಮ. ದಂತವೈದ್ಯ ಆಡೆಲ್‌ಸ್ಟನ್ ಇದನ್ನು 1959ರಲ್ಲಿ ವಿವರಿಸಿದನು. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಬಳಸುತ್ತಿದ್ದ, 2006ರಲ್ಲಿ ಪ್ರಕಟಣೆಯ ಮೂಲಕ ಪ್ರಸಿದ್ಧವಾದ ವಿಧಾನದಲ್ಲಿ ಸೂಜಿಯೂ ಇಲ್ಲ, ಕೊರೆಯುವುದೂ ಇಲ್ಲ: ಹುಳುಕಾದ ಹಾಲುದವಡೆಹಲ್ಲಿನ ಮೇಲೆ ಸಿದ್ಧ ಲೋಹದ ಟೋಪಿಯನ್ನು ಸಿಮೆಂಟಿನಿಂದ ಕೂರಿಸಿ, ಹುಳುಕನ್ನು ಒಳಗೇ ಮುಚ್ಚಿಬಿಡುತ್ತಾರೆ. ಅಂಜಿದ ಮಗುವಿನ ಪಾಲಿಗೆ ಇದೊಂದು ದೊಡ್ಡ ಉಪಕಾರವೆಂದೇ ಹೇಳಬೇಕು. ಅದೇ ದೇಶದ ‘ಚೈಲ್ಡ್‌ಸ್ಮೈಲ್’ ಯೋಜನೆ ವೈದ್ಯರ ಕುರ್ಚಿಗೂ ಹಿಂದೆ ಸರಿದು, ಶಿಶುವಿಹಾರಗಳಲ್ಲಿ ಪ್ರತಿದಿನ ಮೇಲ್ವಿಚಾರಕರ ಮುಂದೆ ಹಲ್ಲುಜ್ಜಿಸುವುದನ್ನೂ, ಕಷ್ಟದಲ್ಲಿರುವ ಮನೆಗಳಿಗೆ ಕಾರ್ಯಕರ್ತರನ್ನು ಕಳುಹಿಸಿ ಕುಟುಂಬವನ್ನು ಚಿಕಿತ್ಸಾಲಯಕ್ಕೆ ಪರಿಚಯಿಸುವುದನ್ನೂ ಕೈಗೊಂಡಿತು. ಸ್ಕಾಟ್ಲೆಂಡಿನಲ್ಲಿ ಶಾಲೆಗೆ ಆಗತಾನೆ ಸೇರಿದ ಮಕ್ಕಳಲ್ಲಿ ಮೇಲ್ನೋಟಕ್ಕೆ ಹುಳುಕಿಲ್ಲದವರ ಪ್ರಮಾಣ 2003ರಲ್ಲಿ ಶೇ. 45 ಇದ್ದುದು 2014ರ ಹೊತ್ತಿಗೆ ಶೇ. 68ಕ್ಕೆ ಏರಿತು, ಬಡ ಬಡಾವಣೆಗಳಿಗೂ ಸ್ಥಿತಿವಂತರ ಬಡಾವಣೆಗಳಿಗೂ ನಡುವಣ ಅಂತರ ಮಾತ್ರ ಇನ್ನೂ ಅಳಿದಿಲ್ಲ.