ಬಳ್ಳಾರಿ ಸೀಮೆಯಲ್ಲಿ ಭಾರಸಾಧನೆ: ಒಂದು ಚಾರಿತ್ರಿಕ ಪರಿಶೀಲನೆ

ಮೈಯ ಬಲವನ್ನು ಬೆಳೆಸುವುದಕ್ಕೂ ಬೊಜ್ಜನ್ನು ಇಳಿಸುವುದಕ್ಕೂ ಕೈಯಲ್ಲಿ ಭಾರವನ್ನು ಹಿಡಿದು ಮಾಡುವ ವ್ಯಾಯಾಮವು ಈಗ ಬಳ್ಳಾರಿಯಂತಹ ನಗರಗಳಲ್ಲಿ ಸಾಮಾನ್ಯವಾಗಿದೆ. ಕಬ್ಬಿಣದ ಡಂಬೆಲ್ಸ್‌ಗಳನ್ನು ಕಂಡವರು ಇದನ್ನು ಪಶ್ಚಿಮ ದೇಶಗಳ ಕೊಡುಗೆಯೆಂದು ಭಾವಿಸುವುದು ಸಹಜ. ಇದಕ್ಕೆ ಪ್ರತಿಯಾಗಿ, ಇದೆಲ್ಲವೂ ನಮ್ಮ ಗರಡಿಮನೆಗಳಲ್ಲಿ ಮೊದಲಿನಿಂದಲೂ ಇದ್ದಿತೆಂದು ವಾದಿಸುವವರೂ ಉಂಟು. ಈ ಎರಡು ಅಭಿಪ್ರಾಯಗಳೂ ಅರ್ಧಸತ್ಯಗಳೆಂದು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಭಾರಸಾಧನೆಯು ಈ ಸೀಮೆಗೆ ಹಳೆಯದು. ಆದರೆ ಭಾರವನ್ನು ಯಾರು ಎತ್ತುತ್ತಿದ್ದರು, ಏತಕ್ಕಾಗಿ ಎತ್ತುತ್ತಿದ್ದರು ಎಂಬುದು ಕಾಲಾನುಗುಣವಾಗಿ ಬದಲಾಗುತ್ತ ಬಂದಿದೆ.

ಮೊದಲು ಗ್ರಂಥಾಧಾರವನ್ನು ನೋಡೋಣ. ಹನ್ನೆರಡನೆಯ ಶತಮಾನದಲ್ಲಿ ಕುರುಗೋಡು ಸಿಂದ ಮನೆತನದ ಸಾಮಂತರ ನೆಲೆಯಾಗಿದ್ದಿತು. ಅವರ ಅಧಿರಾಜರು ಕಲ್ಯಾಣದ ಚಾಲುಕ್ಯರು. ಆ ವಂಶದ ಮೂರನೆಯ ಸೋಮೇಶ್ವರನು (1126-1138) ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದವೆಂಬ ಭಾಗವೊಂದಿದೆ. ಮಲ್ಲರ ದರ್ಜೆಗಳು, ಅವರ ಆಹಾರ ಮತ್ತು ಅಭ್ಯಾಸಕ್ರಮಗಳು ಅಲ್ಲಿ ವಿವರಿಸಲ್ಪಟ್ಟಿವೆ. ನಡಿಗೆ, ಈಜು, ಕಂಬದ ಮೇಲಿನ ಸಾಧನೆ ಇವುಗಳೊಡನೆ ಭಾರಶ್ರಮವೂ ಅಲ್ಲಿ ಒಂದು ಪ್ರತ್ಯೇಕ ಅಭ್ಯಾಸವಾಗಿ ಎಣಿಕೆಗೆ ಬಂದಿದೆ. ಈ ವರ್ಣನೆಯು ಅರಮನೆಯ ಅನ್ನವುಂಡು ಅರಸನ ವಿನೋದಕ್ಕಾಗಿ ಕಾದಾಡುವ ವೃತ್ತಿಮಲ್ಲರಿಗೆ ಸಂಬಂಧಿಸಿದುದೆಂಬುದನ್ನು ಮರೆಯಲಾಗದು. ಸಾಮಾನ್ಯ ಜನರ ಆರೋಗ್ಯವು ಅದರ ವಿಷಯವಲ್ಲ.

ಎರಡನೆಯ ಆಧಾರವು ಇನ್ನೂ ಸ್ಪಷ್ಟವಾದುದು. 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದ ಹಂಪೆಗೆ 1520ರ ಸುಮಾರಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಅರಸನು ಬೆಳಕು ಹರಿಯುವ ಮುನ್ನವೇ ಎದ್ದು ಎಳ್ಳೆಣ್ಣೆಯನ್ನು ಕುಡಿಯುತ್ತಿದ್ದನು. ಅದೇ ಎಣ್ಣೆಯನ್ನು ಮೈಗೆ ತಿಕ್ಕಿಸಿಕೊಳ್ಳುತ್ತಿದ್ದನು. ಬಳಿಕ ಸುಟ್ಟ ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತಿ ಸಾಧನೆ ಮಾಡುತ್ತಿದ್ದನು. ಅನಂತರ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿವರಸೆ, ಆಮೇಲೆ ಒಬ್ಬ ಮಲ್ಲನೊಡನೆ ಕುಸ್ತಿ, ಕೊನೆಗೆ ಬೆಳಗಾಗುವತನಕ ಕುದುರೆಸವಾರಿ. 1897ರಲ್ಲಿ ಲಿಸ್ಬನ್ನಿನಲ್ಲಿ ಡೇವಿಡ್ ಲೋಪೆಸನು ಪ್ರಕಟಿಸಿದ ಈ ಬರಹವನ್ನು 1900ರಲ್ಲಿ ರಾಬರ್ಟ್ ಸಿವೆಲ್ಲನು ಇಂಗ್ಲಿಷಿನಲ್ಲಿ ಒದಗಿಸಿದ ಮೇಲೆ ವಿದ್ವಾಂಸರು ಇದನ್ನು ಅರಸನ ಶೌರ್ಯಕ್ಕೆ ನಿದರ್ಶನವಾಗಿ ಮಾತ್ರ ಉದಾಹರಿಸುತ್ತ ಬಂದಿದ್ದಾರೆ. ವ್ಯಾಯಾಮದ ಇತಿಹಾಸಕ್ಕೂ ಇದು ಮುಖ್ಯವಾದ ಸಾಕ್ಷ್ಯ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಭಾರಗಳು ಲೋಹದವಲ್ಲ, ಮಣ್ಣಿನವು. ಅಪಾರ ಸಂಪತ್ತಿನ ಒಡೆಯನಾದ ಅರಸನೂ ಕುಂಬಾರನ ಕೈಕೆಲಸದಿಂದಲೇ ತೋಳನ್ನು ಬಲಪಡಿಸಿಕೊಳ್ಳುತ್ತಿದ್ದನು. ಇನ್ನೊಂದು, ಅದೇ ಪಾಯೆಸನು ಅರಸನ ರೂಪವನ್ನು ಹೇಳುವಾಗ, ಆತನು ಮಧ್ಯಮ ಎತ್ತರದವನು, ತೆಳುವಾದವನೆನ್ನುವುದಕ್ಕಿಂತ ಸ್ಥೂಲನೆನ್ನಬಹುದಾದವನು ಎಂದಿದ್ದಾನೆ. ದಿನವೂ ಇಷ್ಟು ಶ್ರಮಪಟ್ಟವನು ಕೃಶನಾಗಿರಲಿಲ್ಲ. ಇದರಿಂದ ಅರಮನೆಯ ಭಾರಸಾಧನೆಯ ಗುರಿ ಯುದ್ಧಸನ್ನದ್ಧತೆಯೇ ಹೊರತು ಮೈಯಿಳಿಸುವುದಲ್ಲವೆಂದು ಊಹಿಸಬಹುದು.

ಹಾಗಾದರೆ ಮೈಯಿಳಿಸುವ ವಿಚಾರವು ಹೊಸದೇ? ಅಲ್ಲ. ಅದು ವೈದ್ಯಶಾಸ್ತ್ರದಲ್ಲಿದ್ದಿತು. ವಾಗ್ಭಟನ ‘ಅಷ್ಟಾಂಗಹೃದಯ’ವು ವ್ಯಾಯಾಮದ ಫಲಗಳಲ್ಲಿ ಲಾಘವ, ಕಾರ್ಯಸಾಮರ್ಥ್ಯ, ಜಠರಾಗ್ನಿಯ ದೀಪ್ತಿಗಳೊಡನೆ ಕೊಬ್ಬಿನ ಕ್ಷಯವನ್ನೂ ಹೇಳುತ್ತದೆ, ಜಿಡ್ಡಿನ ಆಹಾರವನ್ನು ಸೇವಿಸುವ ಬಲಿಷ್ಠರೂ ತಮ್ಮ ಶಕ್ತಿಯ ಅರ್ಧದಷ್ಟೇ ಶ್ರಮಿಸಬೇಕೆಂದು ಮಿತಿಯನ್ನು ವಿಧಿಸುತ್ತದೆ. ಮಲ್ಲನ ಗುರಿ ಬಲದ ಪರಾಕಾಷ್ಠೆ. ವೈದ್ಯನ ಗುರಿ ಸಮತೆ. ಇವೆರಡೂ ಬೇರೆಬೇರೆ ಪರಂಪರೆಗಳು. ಇಂದಿನ ವ್ಯಾಯಾಮಶಾಲೆಯಲ್ಲಿ ಇವು ಒಂದುಗೂಡಿವೆ.

ಜನಸಾಮಾನ್ಯರ ಭಾರಸಾಧನೆಯನ್ನು ಗ್ರಂಥಗಳಲ್ಲಿ ಹುಡುಕುವುದಕ್ಕಿಂತ ನೆಲದ ಮೇಲೆಯೇ ಹುಡುಕುವುದು ಯುಕ್ತ. ಕುರುಗೋಡು ಬಂಡೆಗಲ್ಲಿನ ಬೆಟ್ಟಗಳ ಊರು. ದೊಡ್ಡಬಸವೇಶ್ವರನ ಬೃಹತ್ ಮೂರ್ತಿಯನ್ನು ಕಂಡವರಿಗೆ ಅಲ್ಲಿ ಕಲ್ಲಿಗೆ ಬರವಿಲ್ಲವೆಂಬುದು ವಿದಿತವಾಗುತ್ತದೆ. ಇಂತಹ ಕಲ್ಲಿನ ನಾಡಿನಲ್ಲಿ ಬಡವನಿಗೂ ಭಾರವು ಪುಕ್ಕಟೆಯಾಗಿಯೇ ದೊರಕುತ್ತದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲನ್ನೆತ್ತುವ ಪಂದ್ಯಗಳು ನಡೆಯುತ್ತವೆ. ಗುಂಡುಕಲ್ಲು, ಮರದ ಗದೆಗಳು ಗರಡಿಯ ಸಾಮಿಗೆ ಸೇರಿದವು. ತುಂಗಭದ್ರೆಯ ದಡದ ಸಿರುಗುಪ್ಪವು ವಿಜಯನಗರದ ಕಾಲದ ಕಾಲುವೆಗಳಿಂದ ಭತ್ತ ಬೆಳೆಯುತ್ತ ಬಂದ ನಾಡು. ಅಲ್ಲಿ ಭಾರವೆಂದರೆ ಚೀಲ. ಗಿರಣಿಯ ಹಮಾಲರು ಹೊಟ್ಟೆಪಾಡಿಗಾಗಿ ಹೊರುವ ಚೀಲವನ್ನೇ ಹಬ್ಬದ ಪಂದ್ಯದಲ್ಲಿ ಹೆಮ್ಮೆಗಾಗಿ ಎತ್ತುವುದು ನಮ್ಮ ಹಳ್ಳಿಗಳ ವಾಡಿಕೆ. ದುಡಿಮೆಯೂ ಸಾಧನೆಯೂ ಇಲ್ಲಿ ಒಂದೇ ವಸ್ತುವಿನಲ್ಲಿ ಕೂಡಿಕೊಂಡಿವೆ.

ಇನ್ನು ಪಶ್ಚಿಮದ ಪಾಲೇನು? ಇಂಗ್ಲೆಂಡಿನ ಲೇಖಕ ಆಡಿಸನ್ನನು ತಾನು ಕೋಣೆಯಲ್ಲಿ ಡಂಬೆಲ್ಸ್ ಸಾಧನೆ ಮಾಡುತ್ತಿದ್ದುದನ್ನು 1711ರಲ್ಲಿಯೇ ಬರೆದಿದ್ದಾನೆ. ಆ ಹೆಸರಿನ ಅರ್ಥ ಮೂಕಘಂಟೆ ಎಂದು. ಆದರೆ ಕೊಡುಕೊಳೆಯು ಒಮ್ಮುಖವಾಗಿರಲಿಲ್ಲ. ಭಾರತದ ಮುದ್ಗರವನ್ನು ಬ್ರಿಟಿಷರು ತಮ್ಮ ಸೈನಿಕ ಕವಾಯತಿಗೆ ತೆಗೆದುಕೊಂಡರು. 1834ರಲ್ಲಿ ಡೊನಾಲ್ಡ್ ವಾಕರನ ವ್ಯಾಯಾಮಗ್ರಂಥದಲ್ಲಿ ಅದು ಭಾರತದ ಹೆಸರಿನಿಂದಲೇ ಕಾಣಿಸಿಕೊಂಡಿತು. 1800ರಲ್ಲಿ ನಿಜಾಮನಿಂದ ಕಂಪನಿಯ ವಶವಾಗಿ ದಂಡಿನ ಊರಾದ ಬಳ್ಳಾರಿಯನ್ನೂ ಈ ಪರಸ್ಪರ ಸಂಪರ್ಕದ ಯುಗದಲ್ಲಿಟ್ಟೇ ನೋಡಬೇಕು. ಕನ್ನಡನಾಡಿನಲ್ಲಿ ಎರಡು ಧಾರೆಗಳನ್ನು ಬುದ್ಧಿಪೂರ್ವಕವಾಗಿ ಬೆಸೆದವರು ಬೆಂಗಳೂರಿನ ಕೆ. ವಿ. ಅಯ್ಯರ್. ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಪ್ರಸಿದ್ಧರಾದ ಇವರು ವ್ಯಾಯಾಮಾಚಾರ್ಯರೂ ಆಗಿದ್ದರು. ಕಬ್ಬಿಣದ ಭಾರಗಳನ್ನು ಆಸನ, ಸೂರ್ಯನಮಸ್ಕಾರಗಳೊಡನೆ ಸೇರಿಸಿ ಬೋಧಿಸಿದರು. 1930ರಲ್ಲಿ ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಂಚೆಯ ಮೂಲಕವೂ ಪಾಠ ಹೇಳಿದರು.

ಆಧುನಿಕ ಕೈಭಾರದ ನಿಜವಾದ ಹೊಸತನವು ಕಬ್ಬಿಣದಲ್ಲಿಲ್ಲ, ಅದರ ಶ್ರೇಣೀಕರಣದಲ್ಲಿದೆ. ಊರಮುಂದಿನ ಕಲ್ಲಿಗೆ ಒಂದೇ ತೂಕ. ಎತ್ತಿದವನು ಗೆದ್ದನು, ಎತ್ತಲಾರದವನು ಸೋತನು. ಅದು ಪರೀಕ್ಷೆ. ಒಂದು, ಎರಡು, ಐದು ಕಿಲೋಗ್ರಾಂ ಎಂದು ಏರುವ ಭಾರಗಳು ಶಿಕ್ಷಣ. ಕಲ್ಲು ಬಲವಂತನನ್ನು ಆರಿಸಿತು. ಶ್ರೇಣಿಯ ಭಾರವು ದುರ್ಬಲನಿಗೂ ಅವಕಾಶ ಕೊಟ್ಟಿತು. ಗರಡಿಯ ಹೊಸ್ತಿಲನ್ನು ಸಾಮಾನ್ಯವಾಗಿ ದಾಟಲಾರದಿದ್ದ ಸ್ತ್ರೀಯರೂ, ಮುಪ್ಪಿನವರೂ, ಸ್ಥೂಲದೇಹಿಗಳೂ ಇದರಿಂದ ಸಾಧಕರಾದರು. ವಯಸ್ಕರು ವಾರದಲ್ಲಿ ಎರಡು ದಿನವಾದರೂ ಸ್ನಾಯುಬಲದ ವ್ಯಾಯಾಮವನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಸಲಹೆಯು ಸರ್ವರನ್ನೂ ಉದ್ದೇಶಿಸಿದುದು. ಕೇವಲ ಭಾರವನ್ನೆತ್ತುವುದರಿಂದ ತೂಕವಿಳಿಯುವುದು ಸ್ವಲ್ಪವೇ. ಆಹಾರದ ಮಿತಿಯೂ ಬೇಕು. ಆದರೆ ತೂಕವಿಳಿಸುವಾಗ ಸ್ನಾಯುಗಳು ಕರಗದಂತೆ ಕಾಯುವುದು ಈ ಸಾಧನೆಯ ವಿಶೇಷ. ಬಲವೂ ಮಿತಿಯೂ ಕೂಡಿರಬೇಕೆಂಬುದು ಮಲ್ಲನನ್ನೂ ವೈದ್ಯನನ್ನೂ ಒಟ್ಟಿಗೆ ಕೇಳಿದಂತೆ.

ಕೊನೆಯದಾಗಿ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಶಾಸನವುಳ್ಳ ಕಲ್ಲನ್ನು ನಾವು ಕಾಪಾಡುತ್ತೇವೆ. ಗರಡಿಯ ಗುಂಡುಕಲ್ಲಿನ ಮೇಲೆ ಅಕ್ಷರವಿಲ್ಲ. ಆದುದರಿಂದ ಅದು ಯಾರ ಗಮನಕ್ಕೂ ಬಾರದೆ ಗೋಡೆಯ ತಳಪಾಯವನ್ನು ಸೇರಿಬಿಡಬಹುದು. ಕುರುಗೋಡು, ಸಿರುಗುಪ್ಪ ಮೊದಲಾದ ಕಡೆಗಳಿಂದ ಬರುವ ವಿದ್ಯಾರ್ಥಿಗಳು ತಮ್ಮ ಊರಿನ ಅಂತಹ ಕಲ್ಲನ್ನು ತೂಗಿ, ಅದರ ಹೆಸರನ್ನೂ ಎತ್ತಿದವರ ನೆನಪನ್ನೂ ಹಿರಿಯರಿಂದ ಕೇಳಿ ಬರೆದಿಡಬೇಕು. ಅರಸನ ತೋಳಿನ ಭಾರಕ್ಕೆ ಸಾಕ್ಷಿಯಾಗಿ ಒಬ್ಬ ಪ್ರವಾಸಿಯಿದ್ದನು. ಹಮಾಲನ ತೋಳಿಗೆ ಸಾಕ್ಷಿಗಳಾಗಬೇಕಾದವರು ನಾವೇ.